ತೂಕದ ಲೆಕ್ಕವೊಂದೇ ಇದ್ದಾಗ ಮೀನಿನ ಸ್ಥಿತಿ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿರುವುದು ಮೂರು ವರ್ಷಗಳಲ್ಲಿ ದಡಕ್ಕೆ ಬಂದ ಮೀನಿನ ತೂಕದ ಲೆಕ್ಕ ಮಾತ್ರ. ತೂಕ ಕಡಿಮೆಯಾಗಿಲ್ಲ. ಹಾಗಾದರೆ ಮೀನಿನ ಸಂತತಿ ಸುಸ್ಥಿತಿಯಲ್ಲಿದೆ ಎನ್ನಬಹುದೇ?

ಉತ್ತರ: ಎನ್ನಲಾಗದು. ಕಡಲಿನಲ್ಲಿ ಮೀನು ಕಡಿಮೆಯಾಗುತ್ತಿದ್ದರೂ, ದೋಣಿಗಳೋ ಬಲೆ ಎಳೆಯುವ ಗಂಟೆಗಳೋ ಹೆಚ್ಚಿದ್ದರೆ ತೂಕ ಹಾಗೆಯೇ ಉಳಿಯಬಹುದು. ಒಂದು ಎಳೆತಕ್ಕೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಇದಕ್ಕಿಂತ ಮೇಲು, ಆದರೆ ಅದೂ ಮೋಸ ಮಾಡುವುದುಂಟು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಕಾಡ್ ಮೀನು ಕ್ಷೀಣಿಸುತ್ತಿದ್ದಾಗಲೂ ಉಳಿದವು ಒಂದೆಡೆ ದಟ್ಟವಾಗಿ ಗುಂಪುಗೂಡುತ್ತಿದ್ದುದರಿಂದ ಟ್ರಾಲರ್‌ಗಳಿಗೆ ಬರಗಾಲದ ಸುಳಿವು ಸಿಗಲಿಲ್ಲ. 1992ರಲ್ಲಿ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಷೇಧಿಸಬೇಕಾಯಿತು.

ಮಾಹಿತಿ ಕಡಿಮೆಯಿರುವಲ್ಲಿ ನಾನು ಮೊದಲು ನಂಬುವುದು ಅಳತೆಪಟ್ಟಿಯನ್ನು. ದಡಕ್ಕೆ ಬಂದ ರಾಶಿಯಿಂದ, ದೊಡ್ಡದನ್ನೇ ಆರಿಸದೆ, ಕೈಗೆ ಬಂದಂತೆ ಕೆಲವು ನೂರು ಮೀನುಗಳ ಉದ್ದ ಅಳೆಯಿರಿ. ಕೆಲವನ್ನು ಹೊಟ್ಟೆ ಸೀಳಿ, ತತ್ತಿ ಬಲಿತಿದೆಯೇ ಎಂದು ನೋಡಿ. ಯಾವ ಉದ್ದಕ್ಕೆ ಬರುವಷ್ಟರಲ್ಲಿ ಆ ಜಾತಿಯ ಅರ್ಧದಷ್ಟು ಮೀನುಗಳು ಪ್ರೌಢವಾಗಿರುತ್ತವೆಯೋ, ಅದಕ್ಕಿಂತ ಚಿಕ್ಕವೇ ಬಲೆಯಲ್ಲಿ ಹೆಚ್ಚಿದ್ದರೆ, ಒಮ್ಮೆಯೂ ಮೊಟ್ಟೆಯಿಡದ ಮೀನುಗಳನ್ನು ಹಿಡಿಯುತ್ತಿದ್ದೀರಿ ಎಂದರ್ಥ.

ಅದೇ ಉದ್ದಗಳಿಂದ ಸಾವಿನ ಪ್ರಮಾಣವನ್ನೂ ಅಂದಾಜಿಸಬಹುದು. ಮೀನುಗಾರಿಕೆ ವಿಜ್ಞಾನಿಗಳಾದ ಬೆವರ್ಟನ್ ಮತ್ತು ಹೋಲ್ಟ್ ಕೊಟ್ಟ ಸರಳ ಸೂತ್ರವೊಂದಿದೆ. ಒಂದು ಜಾತಿಯ ಗರಿಷ್ಠ ಉದ್ದ 60 ಸೆಂ.ಮೀ., ವರ್ಷಕ್ಕೆ ಬೆಳವಣಿಗೆಯ ದರಾಂಕ (ಮೀನು ಗರಿಷ್ಠ ಉದ್ದವನ್ನು ಎಷ್ಟು ಬೇಗ ಸಮೀಪಿಸುತ್ತದೆ ಎಂಬುದರ ಅಳತೆ) 0.3, ಬಲೆ ಪೂರ್ತಿಯಾಗಿ ಹಿಡಿಯತೊಡಗುವ ಉದ್ದ 20 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಅದಕ್ಕಿಂತ ದೊಡ್ಡ ಮೀನುಗಳ ಸರಾಸರಿ 28 ಸೆಂ.ಮೀ. ಬಂದರೆ, ಗರಿಷ್ಠಕ್ಕಿರುವ ಅಂತರ 32ನ್ನು 0.3ರಿಂದ ಗುಣಿಸಿ, 20ರಿಂದ ಮೇಲಿರುವ 8ರಿಂದ ಭಾಗಿಸಬೇಕು: ಒಟ್ಟು ಸಾವಿನ ದರ 1.2. ಈ ದರ ಉಳಿದ ಮೀನುಗಳಿಗೆ ಕ್ಷಣಕ್ಷಣವೂ ಅನ್ವಯಿಸುವಂಥದು, ನೇರ ಶೇಕಡಾವಾರಲ್ಲ; ಲೆಕ್ಕ ಹಾಕಿದರೆ ವರ್ಷ ಕಳೆಯುವಷ್ಟರಲ್ಲಿ ನೂರಕ್ಕೆ ಸುಮಾರು 70 ಮೀನು ಇಲ್ಲವಾಗುತ್ತವೆ. ಸರಾಸರಿ 32 ಆಗಿದ್ದರೆ ದರ 0.7ಕ್ಕೆ ಇಳಿಯುತ್ತಿತ್ತು, ಬರೀ ನಾಲ್ಕು ಸೆಂಟಿಮೀಟರಿನ ವ್ಯತ್ಯಾಸ ಅಷ್ಟು ದೊಡ್ಡದು! ಅಳತೆಯಲ್ಲಿ ಉದಾಸೀನ ಸಲ್ಲದು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಆದರೆ ಆ ಮೀನು ಯಾವ ಬಲೆಯದು ಎಂಬುದನ್ನು ಬರೆದಿಡದಿದ್ದರೆ ಈ ಗಣಿತವೆಲ್ಲ ವ್ಯರ್ಥ. ತನ್ನ ಕಣ್ಣುಗಳಲ್ಲಿ, ಎಂದರೆ ರಂಧ್ರಗಳಲ್ಲಿ, ಮೀನನ್ನು ಸಿಕ್ಕಿಸಿ ಹಿಡಿಯುವ ಬಲೆ ಮಧ್ಯಮ ಗಾತ್ರದವನ್ನಷ್ಟೇ ಹಿಡಿಯುವುದರಿಂದ, ದೊಡ್ಡ ಮೀನು ನೀರಿನಲ್ಲಿದ್ದರೂ ನಿಮ್ಮ ಪಟ್ಟಿಯಲ್ಲಿರುವುದಿಲ್ಲ. ಇನ್ನು ಒಂದು ವರ್ಷ ಮರಿಗಳು ಹೇರಳವಾಗಿ ಬಂದರೆ ಸರಾಸರಿ ತಾನಾಗಿ ಕುಸಿಯುತ್ತದೆ; ಅದು ಒಳ್ಳೆಯ ಸುದ್ದಿಯೇ ಹೊರತು ಅಪಾಯವಲ್ಲ. ಆದ್ದರಿಂದ ಒಂದೇ ಋತುವಿನ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ.

ಅಳತೆ ಮುಗಿಯುವವರೆಗೆ ಹಿಡಿಯುವುದನ್ನು ಹೆಚ್ಚಿಸಬಹುದೇ ಎಂದರೆ, ಬೇಡ. ಮಾಹಿತಿ ಸಾಲದೆಂಬ ಕಾರಣಕ್ಕೆ ರಕ್ಷಣಾ ಕ್ರಮಗಳನ್ನು ಮುಂದೂಡಬಾರದೆಂದು ವಿಶ್ವಸಂಸ್ಥೆಯ 1995ರ ಮೀನು ಸಂತತಿ ಒಪ್ಪಂದವೂ ಹೇಳುತ್ತದೆ. ಸದ್ಯಕ್ಕೆ ನಿಮ್ಮ ತೂಕದ ಪುಸ್ತಕದಲ್ಲಿ ಎರಡು ಕಲಂ ಸೇರಿಸಿ: ಬಲೆಯ ಕಣ್ಣಿನ ಅಳತೆ, ಮತ್ತು ಆ ದಿನ ಎಷ್ಟು ಸಲ ಬಲೆ ಬಿಟ್ಟಿರಿ ಎಂಬ ಎಣಿಕೆ.