ಬೊಸಾಂಗೋವಾ: ಒಂದೇ ಊರು, ಎರಡು ಆಸರೆ

ಬೊಸಾಂಗೋವಾ ಯಾಕೆ ಸುದ್ದಿಯಾಯಿತು, ಅದರ ಹಿನ್ನೆಲೆ ಏನು ಅಂತ ಕೇಳಿದ್ದೀರಿ.

ಇದು ಮಧ್ಯ ಆಫ್ರಿಕಾ ಗಣರಾಜ್ಯದ ವಾಯುವ್ಯ ಭಾಗದಲ್ಲಿ, ಉಹಾಮ್ ನದಿ ದಂಡೆಯ ಊರು. ಸುತ್ತ ಗ್ಬಾಯಾ ಜನ ಜಾಸ್ತಿ. ಫ್ರೆಂಚರ ಕಾಲದಲ್ಲಿ ಇಲ್ಲಿನ ರೈತರಿಂದ ಬಲವಂತವಾಗಿ ಹತ್ತಿ ಬೆಳೆಸಿದರು. ದೇಶ 1960ರಲ್ಲಿ ಸ್ವತಂತ್ರವಾಯಿತು.

2003ರಲ್ಲಿ ದಂಗೆಯೆದ್ದು ಅಧಿಕಾರ ಹಿಡಿದ ಫ್ರಾಂಸ್ವಾ ಬೊಝಿಝೆ ಅವರ ಬೇರು ಇದೇ ಭಾಗದ್ದು. ಮಾರ್ಚ್ 2013ರಲ್ಲಿ ಸೆಲೆಕಾ ಬಂಡುಕೋರರು ಅವರನ್ನು ಓಡಿಸಿದರು. ಬೊಝಿಝೆ ಮೇಲಿನ ಅವರ ಸಿಟ್ಟು ಈ ಊರಿನ ಮೇಲೂ ತಿರುಗಿತು. ಹೆಚ್ಚಾಗಿ ಮುಸ್ಲಿಮರೇ ಇದ್ದ ಸೆಲೆಕಾ ಸುಲಿಗೆ, ಕೊಲೆಗೆ ಇಳಿಯಿತು. ಸೆಪ್ಟೆಂಬರಿನಲ್ಲಿ ಆಂಟಿ-ಬಲಾಕಾ ಎಂಬ, ಹೆಚ್ಚಾಗಿ ಕ್ರೈಸ್ತರೇ ಇದ್ದ ಸಶಸ್ತ್ರ ಗುಂಪುಗಳು ತಿರುಗಿಬಿದ್ದು ಸಾಮಾನ್ಯ ಮುಸ್ಲಿಮರನ್ನೂ ಕೊಂದವು.

ಆಮೇಲಿನ ಚಿತ್ರ ಮರೆಯುವಂಥದ್ದಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ಕ್ರೈಸ್ತರು ಕ್ಯಾಥೊಲಿಕ್ ಚರ್ಚಿನ ಆವರಣದಲ್ಲಿ, ಮುಸ್ಲಿಮರು ಲಿಬರ್ಟೆ ಶಾಲೆಯಲ್ಲಿ. ‘ಲಿಬರ್ಟೆ’ ಅಂದರೆ ಸ್ವಾತಂತ್ರ್ಯ, ನೋಡಿ! ನಿನ್ನೆವರೆಗೆ ಒಂದೇ ಸಂತೆಗೆ ಹೋಗುತ್ತಿದ್ದವರು ಇವರು.

ಏಪ್ರಿಲ್ 2014ರಲ್ಲಿ ಶಾಲೆಯಲ್ಲಿ ಉಳಿದಿದ್ದ ಮುಸ್ಲಿಮರನ್ನು ಕಾವಲಿನಲ್ಲಿ ಚಾಡ್ ಕಡೆಗೆ ಸಾಗಿಸಿದರು. ಇದನ್ನು ಸುಮ್ನೆ ಧರ್ಮದ ಜಗಳ ಅನ್ನುವುದು ಸರಿಯಲ್ಲ. ಅಧಿಕಾರದ ಪೈಪೋಟಿ, ದನಗಾಹಿ-ರೈತರ ತಕರಾರು ಎಲ್ಲ ಸೇರಿಕೊಂಡಿತ್ತು. 2021ರ ಫೆಬ್ರುವರಿಯಲ್ಲಿ ಸರ್ಕಾರಿ ಪಡೆ ರಷ್ಯನ್ನರ ನೆರವಿನಿಂದ ಊರನ್ನು ಬಂಡುಕೋರರಿಂದ ಮತ್ತೆ ವಶಕ್ಕೆ ಪಡೆಯಿತು.