ಡೊಂಬಿವಲಿಯ ಲೇಖಕಿಗೆ: ಆ ಲೋಕಲ್ ಟ್ರೇನಿನಿಂದಲೇ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಪ್ರೇಮರಾಗದ ನಾಲ್ಕು ದಶಕ’ ಕೈಸೇರಿತು. ಎರಡು ಸಲ ಓದಿದೆ. ಒಮ್ಮೆ ಮಾಟುಂಗದ ಆಫೀಸಿನಲ್ಲಿ ಕೂತು, ಇನ್ನೊಮ್ಮೆ ರಾತ್ರಿ ಮನೆಯಲ್ಲಿ, ನೀವು ಹೇಳಿದ ಹಾಡುಗಳನ್ನು ಹಾಕಿಕೊಂಡು. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿಕೊಂಡಿದೆ. ಅದನ್ನು ನೀವೇ ಹೊರಗೆ ತೆಗೆಯಬೇಕು ಅನ್ನುವುದು ನನ್ನ ಆಸೆ. ಅದಕ್ಕೇ ಇಷ್ಟು ಉದ್ದದ ಉತ್ತರ. ಹೊಸದಾಗಿ ಬರೆಯುವ ಬೇರೆಯವರಿಗೂ ಉಪಯೋಗವಾಗಲಿ ಎಂದು ನಿಮ್ಮ ಹೆಸರು ಬಿಟ್ಟು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ.

ಓದುಗರಿಗೆ ವಿಷಯ ಗೊತ್ತಾಗಲಿ. ಅಮೆರಿಕದ ನ್ಯೂಜೆರ್ಸಿಯ ಹೊಬೋಕೆನ್ ಎಂಬ ಊರಿನಲ್ಲಿ 1984ರಲ್ಲಿ ಶುರುವಾದ ‘ಯೋ ಲಾ ಟೆಂಗೊ’ ಬ್ಯಾಂಡಿನ ಬಗ್ಗೆ ಈ ಲೇಖನ. ಐರಾ ಕ್ಯಾಪ್ಲನ್ ಗಿಟಾರ್ ನುಡಿಸುತ್ತಾರೆ. ಅವರ ಹೆಂಡತಿ ಜಾರ್ಜಿಯಾ ಹಬ್ಲಿ ಡ್ರಮ್ಸ್ ಬಾರಿಸುತ್ತಾರೆ. ಹಾಡುವುದು ಇಬ್ಬರೂ. ನೀವು ಎಲ್ಲ ಕಡೆ ‘ಹುಬ್ಲಿ’ ಎಂದು ಬರೆದಿದ್ದೀರಿ. ನಮ್ಮ ಓದುಗರು ಹುಬ್ಬಳ್ಳಿ ಎಂದುಕೊಳ್ಳುತ್ತಾರೆ. ‘ಹಬ್ಲಿ’ ಮಾಡಿ.

ಮೊದಲು ದೊಡ್ಡ ತೊಂದರೆ ಹೇಳುತ್ತೇನೆ. 2,400 ಪದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಬಮ್ಮುಗಳ ಪಟ್ಟಿ. 1986ರಲ್ಲಿ ಮೊದಲನೆಯದು ಬಂತು, 1993ರಲ್ಲಿ ದೊಡ್ಡ ತಿರುವು ಬಂತು, 1997ರಲ್ಲಿ ಎಲ್ಲರೂ ಮೆಚ್ಚಿದರು, 2023ರಲ್ಲಿ ಇನ್ನೊಂದು ಬಂತು. ಇಸವಿಗಳು ಸರಿ ಇವೆ, ಅದಕ್ಕೆ ಶಭಾಷ್. ಆದರೆ ಓದುವವರಿಗೆ ಒಂದು ಹಾಡೂ ಕೇಳಿಸುವುದಿಲ್ಲ. ಉಳಿದ ಅರ್ಧದಲ್ಲಿ ಪ್ರೀತಿ, ಅನುರಾಗ, ಒಲವು. ‘ಇವರ ಒಲವೇ ಇವರ ಸಂಗೀತದ ಉಸಿರು’ ಎಂಬ ಮಾತು ಬೇರೆ ಬೇರೆ ಬಟ್ಟೆ ಹಾಕಿಕೊಂಡು ಐದು ಸಲ ಬರುತ್ತದೆ. ಗಂಡ ಹೆಂಡತಿ ನಲವತ್ತು ವರ್ಷ ಜೊತೆಗೆ ನುಡಿಸಿದ್ದಾರೆ ಅಂದರೆ ನನಗೆ ಮೊದಲು ಬರುವ ಪ್ರಶ್ನೆ ಅವರ ಪ್ರೀತಿ ಎಷ್ಟು ಅಂತಲ್ಲ. ಕೆಲಸ ಹೇಗೆ ಹಂಚಿಕೊಂಡರು? ಒಬ್ಬರಿಗೆ ಹಿಡಿಸದ ರಾಗ ಇನ್ನೊಬ್ಬರಿಗೆ ಹಿಡಿಸಿದರೆ ಏನು ಮಾಡುತ್ತಾರೆ? ಯಾರು ಸುಮ್ಮನಾಗುತ್ತಾರೆ?

ಈ ಪ್ರಶ್ನೆ ನನಗೆ ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ನಮ್ಮ ಪತ್ರಿಕೆ ಮೊದಲು ಅಕ್ಷರದ ಮೊಳೆ ಜೋಡಿಸಿ ಅಚ್ಚಾಗುತ್ತಿತ್ತು. ಪ್ರೆಸ್ ನಡೆಸುತ್ತಿದ್ದವರು ಗಂಡ ಹೆಂಡತಿ, ಕುಂದಾಪುರದ ಕಡೆಯವರು. ಆಕೆ ಕಂಪೋಸಿಂಗ್, ಆತ ಟ್ರೆಡಲ್ ಮಷೀನು. ನಾನು ಪ್ರೂಫ್ ತಿದ್ದಲು ಹೋಗಿ ಗಂಟೆಗಟ್ಟಲೆ ಅಲ್ಲಿ ಕೂರುತ್ತಿದ್ದೆ. ಅವರು ಒಬ್ಬರಿಗೊಬ್ಬರು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಮಷೀನಿನ ಸದ್ದು ಚೂರು ಬದಲಾದರೆ ಸಾಕು, ಆಕೆ ತಲೆ ಎತ್ತದೆ ‘ಶಾಯಿ’ ಅನ್ನುತ್ತಿದ್ದರು. ಆತ ನಿಲ್ಲಿಸಿ ಶಾಯಿ ಹಾಕುತ್ತಿದ್ದರು. ಆತ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರೆ ಆಕೆಗೆ ಗೊತ್ತು, ಎಲ್ಲೋ ಒಂದು ಒತ್ತಕ್ಷರ ಸವೆದಿದೆ ಅಂತ. ಕೇಳದೆಯೇ ಹೊಸ ಮೊಳೆ ಹುಡುಕುತ್ತಿದ್ದರು. ಅವರ ಸಂಸಾರದ ಬಗ್ಗೆ ನಾನು ಬರೆಯುವುದಾದರೆ ಆ ‘ಶಾಯಿ’ ಅನ್ನುವ ಒಂದು ಶಬ್ದದಿಂದ ಬರೆಯುತ್ತೇನೆ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಅಂಥದ್ದನ್ನು.

ಹುಡುಕಿದರೆ ನಿಮ್ಮ ಹತ್ತಿರವೇ ಸಿಗುತ್ತದೆ. ನಾಲ್ಕನೇ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ವಿಷಯ ನೋಡಿ: ‘ಜಾರ್ಜಿಯಾ ಅವರ ತಂದೆ ತಾಯಿ ಅನಿಮೇಷನ್ ಚಿತ್ರ ಮಾಡುತ್ತಿದ್ದರು.’ ಅಷ್ಟೇನಾ? ಜಾನ್ ಹಬ್ಲಿ ಮತ್ತು ಫೇತ್ ಹಬ್ಲಿ ಅಂದರೆ ಸಾಮಾನ್ಯರಲ್ಲ. ದೊಡ್ಡ ಸ್ಟುಡಿಯೋಗಳ ಹೊರಗೆ ನಿಂತು ಗಂಡ ಹೆಂಡತಿ ಸೇರಿ ಚಿತ್ರ ಮಾಡಿದರು, ಆಸ್ಕರ್ ಗೆದ್ದರು. ಮನೆಯ ಮಕ್ಕಳ ಆಟದ ಮಾತನ್ನು ಟೇಪಿನಲ್ಲಿ ಹಿಡಿದು ಅದಕ್ಕೆ ಚಿತ್ರ ಬರೆದರು. 1968ರ ಅವರ ಒಂದು ಚಿತ್ರದಲ್ಲಿ ಕೇಳುವುದು ಪುಟ್ಟ ಜಾರ್ಜಿಯಾ ಮತ್ತು ಅಕ್ಕ ಎಮಿಲಿಯ ದನಿ. ಅಂದರೆ ಅಪ್ಪ ಅಮ್ಮ ಒಂದೇ ಮೇಜಿನ ಮೇಲೆ ಕೆಲಸ ಮಾಡುವುದನ್ನು ನೋಡುತ್ತಲೇ ಈ ಹುಡುಗಿ ಬೆಳೆದಳು. ಮನೆಯ ಮಾತು ಕಲೆಯಾಗುವುದನ್ನು ಕಂಡಳು. ಆಮೇಲೆ ಅವಳೂ ಗಂಡನ ಜೊತೆ ಕೂತು ಕೆಲಸ ಶುರು ಮಾಡಿದಳು. ನಿಮ್ಮ ಲೇಖನದ ಬೇರು ಇಲ್ಲಿದೆ. ಒಂದು ಸಾಲು ಸಾಲದು, ಒಂದು ಪುಟ ಕೊಡಿ.

ಐರಾ ಬಗ್ಗೆಯೂ ಹಾಗೇ. ಅವರು ಮೊದಲು ಸಂಗೀತ ವಿಮರ್ಶೆ ಬರೆಯುತ್ತಿದ್ದವರು. ಬೇರೆಯವರ ಹಾಡನ್ನು ಕೂತು ಕೇಳುವುದೇ ಕೆಲಸವಾಗಿದ್ದ ಮನುಷ್ಯ. ಹೊಬೋಕೆನ್ನಿನ ‘ಮ್ಯಾಕ್ಸ್‌ವೆಲ್ಸ್’ ಎಂಬ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬ್ಯಾಂಡುಗಳು ನುಡಿಸುತ್ತಿದ್ದವು, ಅಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದರು. ಮುಂದೆ ಅದೇ ಚಿಕ್ಕ ಕೋಣೆಯಲ್ಲಿ, 2001ರಿಂದ, ಯಹೂದಿಗಳ ಹನುಕ್ಕಾ ಹಬ್ಬದ ಎಂಟೂ ರಾತ್ರಿ ನುಡಿಸುವ ಪದ್ಧತಿ ಇಟ್ಟುಕೊಂಡರು. 2013ರಲ್ಲಿ ಆ ಜಾಗ ಮುಚ್ಚಿತು. ಕೆಲವು ವರ್ಷ ಬಿಟ್ಟು ನದಿಯಾಚೆ ಮ್ಯಾನ್‌ಹಟನ್ನಿನಲ್ಲಿ ಮತ್ತೆ ಶುರು ಮಾಡಿದರು. ಗಣೇಶೋತ್ಸವದಲ್ಲಿ ದಿನಕ್ಕೊಂದು ಕಾರ್ಯಕ್ರಮ ನೋಡಿ ಬೆಳೆದ ನಮಗೆ ಇದು ತಕ್ಷಣ ಅರ್ಥವಾಗುತ್ತದೆ. ನೀವು ಇದನ್ನು ‘ವಿಶೇಷ ಕಾರ್ಯಕ್ರಮಗಳನ್ನು ನೀಡಿದ್ದಾರೆ’ ಎಂದು ಮುಗಿಸಿದ್ದೀರಿ. ಹೊಟ್ಟೆ ಉರಿಯಿತು.

ಇನ್ನೊಂದು. ನೀವು ಇವರನ್ನು ‘ನ್ಯೂಯಾರ್ಕಿನ ದಂಪತಿ’ ಅನ್ನುತ್ತೀರಿ. ಹೊಬೋಕೆನ್ ನ್ಯೂಯಾರ್ಕ್ ಅಲ್ಲ. ನಡುವೆ ಹಡ್ಸನ್ ನದಿ ಇದೆ, ರೈಲಿನಲ್ಲಿ ದಾಟಬೇಕು. ಆಗ ಅಲ್ಲಿ ಮನೆ ಬಾಡಿಗೆ ಕಡಿಮೆ, ಅದಕ್ಕೇ ಹಾಡುವವರು, ಚಿತ್ರ ಬರೆಯುವವರು ಅಲ್ಲಿ ಬಿಡಾರ ಹೂಡಿದರು. ಡೊಂಬಿವಲಿಯಿಂದ ದಿನಾ ಮುಂಬಯಿಗೆ ಬಂದು ಹೋಗುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾ? ಊರಿನಲ್ಲಿ ‘ಮುಂಬಯಿಯಲ್ಲಿದ್ದಾಳೆ’ ಅನ್ನುತ್ತಾರೆ. ಆದರೆ ದೊಡ್ಡ ಊರಿನ ಪಕ್ಕದಲ್ಲಿದ್ದು ಅದನ್ನು ಸ್ವಲ್ಪ ದೂರದಿಂದ ನೋಡುವುದು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಈ ಬ್ಯಾಂಡಿನ ಹಾಡಿನಲ್ಲಿ ಅವಸರ ಇಲ್ಲದಿರುವುದಕ್ಕೂ ಆ ದೂರಕ್ಕೂ ಸಂಬಂಧ ಇದೆ ಅಂತ ನನಗೆ ಅನ್ನಿಸುತ್ತದೆ. ನಿಮಗೆ ಏನನ್ನಿಸುತ್ತದೆ, ಬರೆಯಿರಿ.

ಈಗ ಹೆಸರಿನ ವಿಷಯ. ‘ಯೋ ಲಾ ಟೆಂಗೊ’ ಸ್ಪ್ಯಾನಿಷ್ ಮಾತು, ಅರ್ಥ ‘ನನ್ನ ಬಳಿ ಇದೆ’ ಎಂದು ಕೊಟ್ಟಿದ್ದೀರಿ. ನಿಘಂಟಿನ ಪ್ರಕಾರ ತಪ್ಪಿಲ್ಲ. ಆದರೆ ಬ್ಯಾಂಡಿಗೆ ಆ ಹೆಸರು ಬಂದ ಕಥೆ ನೋಡಿ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಎಂಬ ಬೇಸ್‌ಬಾಲ್ ತಂಡ. ಆ ವರ್ಷ 120 ಪಂದ್ಯ ಸೋತ ತಂಡ ಅದು. ರಿಚಿ ಆಶ್‌ಬರ್ನ್ ಕ್ಯಾಚಿಗೆ ಓಡುತ್ತಿದ್ದರೆ ವೆನೆಜುವೆಲಾದ ಎಲಿಯೊ ಚಕೋನ್ ಕೂಡ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದ. ಚಕೋನನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೆ ಆಶ್‌ಬರ್ನ್ ಸ್ಪ್ಯಾನಿಷ್ ಮಾತು ಕಲಿತು ‘ಯೋ ಲಾ ಟೆಂಗೊ’ ಎಂದು ಕೂಗಿದ. ಚಕೋನ್ ನಿಂತ. ಆದರೆ ಇನ್ನೊಂದು ಕಡೆಯಿಂದ ಸ್ಪ್ಯಾನಿಷ್ ಬಾರದ ಫ್ರಾಂಕ್ ಥಾಮಸ್ ಓಡಿಬಂದು ಗುದ್ದಿದ.

ಹಾಗಾದರೆ ಕನ್ನಡದಲ್ಲಿ ಅದು ‘ನನ್ನ ಬಳಿ ಇದೆ’ ಅಲ್ಲ, ‘ನಂದು! ನಂದು!’ ಅಲ್ವಾ? ನಮ್ಮ ಬಿಲ್ಡಿಂಗಿನ ಕೆಳಗೆ ಸಂಜೆ ಹುಡುಗರು ಕ್ರಿಕೆಟ್ ಆಡುತ್ತಾರೆ. ಚೆಂಡು ಮೇಲೆ ಹೋದರೆ ಒಬ್ಬ ‘ಮಾಝಾ’ ಅನ್ನುತ್ತಾನೆ, ಒಬ್ಬ ‘ಮೇರಾ’, ಶೆಟ್ಟರ ಮನೆಯ ಹುಡುಗ ‘ಎನ್ನ’ ಅಂತ ತುಳುವಿನಲ್ಲೇ ಕೂಗುತ್ತಾನೆ. ಈ ಕಥೆ ಮುಂಬಯಿಯ ಕನ್ನಡಿಗರಿಗೆ ತಿಳಿದಷ್ಟು ಇನ್ಯಾರಿಗೂ ತಿಳಿಯಲಾರದು. ಇಬ್ಬರು ಒಂದು ಮಾತು ಒಪ್ಪಿಕೊಂಡರೂ ಮೂರನೆಯವನಿಗೆ ಗೊತ್ತಿಲ್ಲದಿದ್ದರೆ ಗುದ್ದಾಟ ತಪ್ಪುವುದಿಲ್ಲ.

ಆ ಮೂರನೆಯವರ ಕಥೆಯನ್ನು ನೀವು ಪೂರ್ತಿ ಮರೆತಿದ್ದೀರಿ. ಜೇಮ್ಸ್ ಮ್ಯಾಕ್‌ನ್ಯೂ. ಶುರುವಿನ ವರ್ಷಗಳಲ್ಲಿ ಬ್ಯಾಂಡಿಗೆ ಬೇಸ್ ಗಿಟಾರಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. ಯಾರೂ ನಿಲ್ಲಲಿಲ್ಲ. 1990ರ ದಶಕದ ಶುರುವಿನಲ್ಲಿ ಇವರು ಬಂದರು, ಇವತ್ತಿಗೂ ಇದ್ದಾರೆ. ಗಂಡ ಹೆಂಡತಿಯ ನಡುವೆ ಮೂವತ್ತು ವರ್ಷ ಕೆಲಸ ಮಾಡುವುದು ಸುಲಭವಾ? 1993ರ ತಿರುವು ಎಂದು ನೀವು ಹೇಳುವುದು ಮ್ಯಾಟಡಾರ್ ಕಂಪೆನಿಯಿಂದ ಬಂದ ಮೊದಲ ಆಲ್ಬಮ್. ಮೂವರ ಬ್ಯಾಂಡ್ ಅಂತ ಅನ್ನಿಸುವುದು ಅಲ್ಲಿಂದಲೇ. ಮೇಜಿಗೆ ಮೂರನೇ ಕುರ್ಚಿ ಬಂದ ಮೇಲೆ ಈ ಮನೆ ಗಟ್ಟಿಯಾಯಿತು. ‘ದಂಪತಿಯ ಬ್ಯಾಂಡ್’ ಎಂದು ಹದಿನಾಲ್ಕು ಸಲ ಬರೆದ ನೀವು ಅವರ ಹೆಸರನ್ನು ಒಂದೇ ಸಲ, ಅದೂ ಆವರಣದೊಳಗೆ ಬರೆದಿದ್ದೀರಿ.

‘ಪರ್ಯಾಯ ಪಾಪ್ ವಾದ್ಯವೃಂದ’ ಬೇಡ. ಪರ್ಯಾಯ ಅಂದರೆ ನಮ್ಮ ಓದುಗರ ತಲೆಗೆ ಬರುವುದು ಉಡುಪಿಯ ಅಷ್ಟಮಠ, ಎರಡು ವರ್ಷಕ್ಕೊಮ್ಮೆ ಬದಲಾಗುವ ಪೂಜೆ. ‘ಬ್ಯಾಂಡ್’ ಅನ್ನಿ ಸಾಕು. ಯಾವ ಥರದ್ದು ಎಂದು ಹೇಳಬೇಕಿದ್ದರೆ ವಿವರಿಸಿ: ಸಣ್ಣ ಕಂಪೆನಿಗಳಿಂದ ಹಾಡು ಹೊರತರುವವರು, ಸಿನಿಮಾ ಹಾಡಿನಷ್ಟು ಜನಪ್ರಿಯರಲ್ಲ, ತಮಗೆ ಬೇಕಾದ್ದನ್ನೇ ನುಡಿಸುವವರು. ಜಾಹೀರಾತಿಲ್ಲದೆ ಕೇಳುಗರ ದುಡ್ಡಿನಲ್ಲಿ ನಡೆಯುವ ಒಂದು ರೇಡಿಯೋಗಾಗಿ ಇವರು ಕೂತು, ಚಂದಾ ಕೊಟ್ಟವರು ಕೇಳಿದ ಯಾವುದೇ ಹಳೆಯ ಹಾಡನ್ನು ನಿಂತ ನಿಲುವಿನಲ್ಲಿ ನುಡಿಸುತ್ತಾ ಬಂದಿದ್ದಾರೆ. ತಪ್ಪುಗಳು ಆಗುತ್ತವೆ, ಹಾಗೇ ಬಿಡುತ್ತಾರೆ. ಇದನ್ನು ಹೇಳಿದರೆ ‘ಪರ್ಯಾಯ’ ಎಂಬ ಶಬ್ದವೇ ಬೇಕಾಗುವುದಿಲ್ಲ.

ಒಂದು ಕಡೆ ನನಗೆ ನಿಜವಾಗಿ ಬೇಸರವಾಯಿತು. ‘ಸೋನಿಕ್ ಯೂತ್ ದಂಪತಿಯ ಹಾಗೆ ಇವರು ಸೋಲಲಿಲ್ಲ’ ಅಂದಿದ್ದೀರಿ. ಸೋನಿಕ್ ಯೂತ್ ಬ್ಯಾಂಡಿನ ಗಂಡ ಹೆಂಡತಿ ಥರ್ಸ್ಟನ್ ಮೂರ್ ಮತ್ತು ಕಿಮ್ ಗಾರ್ಡನ್ 2011ರಲ್ಲಿ ಬೇರೆಯಾದರು, ಬ್ಯಾಂಡೂ ನಿಂತಿತು. ಆದರೆ ಮೂವತ್ತು ವರ್ಷ ಅವರು ನುಡಿಸಿದ್ದು ಸೋಲಾ? ಮದುವೆ ಮುರಿದ ಮಾತ್ರಕ್ಕೆ ಹಾಡು ಸುಳ್ಳಾಗುವುದಿಲ್ಲ. ಮದುವೆ ಉಳಿದ ಮಾತ್ರಕ್ಕೆ ಹಾಡು ಒಳ್ಳೆಯದೂ ಆಗುವುದಿಲ್ಲ. ‘ಐರಾ ಜಾರ್ಜಿಯಾ ಎಂದೂ ಜಗಳವಾಡಿದವರಲ್ಲ’ ಎಂಬುದೂ ಹೋಗಲಿ. ನಿಮಗೆ ಹೇಗೆ ಗೊತ್ತು? ಹೋಲಿಸಲೇಬೇಕೆಂದಿದ್ದರೆ ಹತ್ತಿರದಲ್ಲೇ ನೋಡಿ. ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯಲ್ಲಿ ಅವರ ಹೆಂಡತಿ ಬಿ. ಜಯಮ್ಮ ಇದ್ದರು. ಪುಣೆಯಲ್ಲಿ ಮರಾಠಿ ಸಂಗೀತ ನಾಟಕ ನಡೆಸಿದ ಜಯರಾಮ ಮತ್ತು ಜಯಮಾಲಾ ಶಿಲೇದಾರ್ ಇದ್ದರು. ಟಿಕೆಟ್ ಲೆಕ್ಕ, ಬಣ್ಣ, ತಾಲೀಮು, ಸಂಸಾರ ಎಲ್ಲ ಒಂದೇ ಸೂರಿನಡಿ ಅಂದರೇನು ಎಂದು ಗೊತ್ತಿರುವ ಹಿರಿಯರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಅವರ ಜೊತೆ ಮಾತಾಡಿ.

ಕೊನೆಗೆ, ಆರನೇ ಪುಟ. ಅಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದ ಕೂಡಲೇ ಈ ಹಾಡು ಹಾಕುತ್ತೇನೆ. ಕಲ್ವಾ ಹತ್ತಿರ ಬಂದರೂ ಮುಗಿದಿರುವುದಿಲ್ಲ. ಲೇಡೀಸ್ ಡಬ್ಬಿಯಲ್ಲಿ ಯಾರೋ ಬೆಳ್ಳುಳ್ಳಿ ಸುಲಿಯುತ್ತಿರುತ್ತಾರೆ. ಆಕೆಯ ಕೈ ಡ್ರಮ್ಮಿನ ಜೊತೆಗೇ ಹೋಗುತ್ತಿದೆ ಅನಿಸುತ್ತದೆ.’ 2000ದಲ್ಲಿ ಬಂದ ಆಲ್ಬಮ್ಮಿನ ಕೊನೆಯ ಹಾಡು ಅದು, ಹದಿನೇಳು ನಿಮಿಷಕ್ಕಿಂತ ಉದ್ದ, ಹೊಬೋಕೆನ್ ಮೇಲೆ ಇಳಿಯುವ ರಾತ್ರಿಯ ಹಾಡು. ನಿಮ್ಮ ಈ ಸಾಲುಗಳನ್ನು ಓದಿದ ಮೇಲೆ ನಾನು ಮತ್ತೆ ಅದನ್ನು ಹಾಕಿ ಬರೀ ಡ್ರಮ್ಸ್ ಕೇಳಿದೆ. ಜಾರ್ಜಿಯಾ ಎಷ್ಟು ಮೆಲ್ಲಗೆ ಬಾರಿಸುತ್ತಾರೆ! ಅವಸರವೇ ಇಲ್ಲ, ಮನೆಗೆಲಸ ಮಾಡುವ ಕೈಯ ಹಾಗೆ. ನೀವು ಹೇಳಿದ್ದು ನಿಜ. ಬೇರೆ ಯಾರೂ ಅದನ್ನು ಹಾಗೆ ಕೇಳಿರಲಾರರು.

ಅಲ್ಲಿಂದ ಶುರು ಮಾಡಿ. ಆಲ್ಬಮ್ಮುಗಳಲ್ಲಿ ಮೂರನ್ನು ಮಾತ್ರ ಇಟ್ಟುಕೊಳ್ಳಿ, ನೀವು ನಿಜವಾಗಿ ಮತ್ತೆ ಮತ್ತೆ ಕೇಳಿದ ಮೂರು. 1,200 ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿದರೆ ಪುಟ ಕಟ್ಟುವ ಮೊದಲು ಒಟ್ಟಿಗೆ ಕೂತು ನೋಡಬಹುದು. ಶನಿವಾರ ಮಧ್ಯಾಹ್ನ ಎರಡರ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ಬರುವಾಗ ಇಯರ್‌ಫೋನ್ ತನ್ನಿ, 1997ರ ಆಲ್ಬಮ್ಮಿನಲ್ಲಿ ನಿಮ್ಮನ್ನು ಕೇಳಬೇಕಾದ್ದು ಒಂದೆರಡಿದೆ.