ಉಪ್ಪಿಲ್ಲದೆಯೂ ಬೆಳೆಯುವ ಬ್ಯಾಕ್ಟೀರಿಯಾ ಲವಣಪ್ರಿಯವೇ?: ಪ್ರತಿಕ್ರಿಯೆ

ಸಿಂಧನೂರಿನ ಸವಳು ಗದ್ದೆಯಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಲವಣಪ್ರಿಯವೇ ಎಂದು ನೀವು ಕೇಳಿದ್ದೀರಿ; ಶೇ. 20 ಉಪ್ಪಿನಲ್ಲಿ ಕೆಂಪು ವಸಾಹತುಗಳು ಕಂಡವೆಂದೂ ತಿಳಿಸಿದ್ದೀರಿ. ಅವು ಶೇ. 10 ಉಪ್ಪಿನಲ್ಲೂ ಸಾಧಾರಣ ನ್ಯೂಟ್ರಿಯೆಂಟ್ ಅಗರ್‌ನಲ್ಲೂ (ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಮಾಧ್ಯಮ) ಬೆಳೆಯುತ್ತಿದ್ದರೆ, ಬಹುಶಃ ಲವಣಪ್ರಿಯವಲ್ಲ (ಚೆನ್ನಾಗಿ ಬೆಳೆಯಲು ಉಪ್ಪು ಬೇಕಾದವು), ಲವಣಸಹಿಷ್ಣು (ಉಪ್ಪು ಬೇಕಿಲ್ಲದಿದ್ದರೂ ಅದನ್ನು ತಾಳುವವು). ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ಹರಿದಾಗ ಉಪ್ಪು ತೊಳೆದುಹೋಗಿ ಬೇಸಿಗೆಯಲ್ಲಿ ಮತ್ತೆ ಮೇಲೇರುವುದರಿಂದ, ಎರಡನ್ನೂ ತಾಳುವ ಜೀವಿಗಳು ಅಲ್ಲಿರುವುದು ಸಹಜ. ಆದರೆ ನ್ಯೂಟ್ರಿಯೆಂಟ್ ಅಗರ್‌ನಲ್ಲಿಯೇ ಸಾಮಾನ್ಯವಾಗಿ ಶೇ. 0.5 ಉಪ್ಪಿರುತ್ತದೆ ಎಂಬುದನ್ನು ಮರೆಯಬಾರದು.

ಮೊದಲು ಉಪ್ಪು ಸೇರಿಸದ ಪೆಪ್ಟೋನ್–ಯೀಸ್ಟ್ ಸಾರದ ಮಾಧ್ಯಮ ತಯಾರಿಸಿ, ಶೇ. 0, 1, 3, 5, 10, 15, 20, 25 ಉಪ್ಪಿನಲ್ಲಿ ಒಂದೇ ಉಷ್ಣತೆಯಲ್ಲಿ ಬೆಳೆಸಿರಿ. ಹಳೆಯ ಮಾಧ್ಯಮದ ಉಪ್ಪು ಜೊತೆಗೆ ಬರುವುದರಿಂದ ಶೂನ್ಯದ ನಳಿಕೆಯಿಂದ ಇನ್ನೊಮ್ಮೆ ಶೂನ್ಯಕ್ಕೇ ವರ್ಗಾಯಿಸಿ ನೋಡಿರಿ. ಗರಿಷ್ಠ ಮಿತಿಯನ್ನಲ್ಲ, ಅತ್ಯುತ್ತಮ ಬೆಳವಣಿಗೆ ಎಲ್ಲಿದೆಯೆಂಬುದನ್ನೇ ಪರಿಗಣಿಸಬೇಕು: ಸ್ಥೂಲವಾಗಿ ಶೇ. 1–3 ಅಲ್ಪ, 3–15 ಮಧ್ಯಮ, 15–30 ತೀವ್ರ ಲವಣಪ್ರಿಯ.

ಶೇ. 20 ಉಪ್ಪಿನಲ್ಲಿ ಕಂಡ ಕೆಂಪು ವಸಾಹತುಗಳು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ವಂಶದ ಏಕಕೋಶ ಜೀವಿಗಳು) ಆಗಿರಬಹುದು. ಆದರೆ ಸಾಲಿನಿಬ್ಯಾಕ್ಟರ್ ಎಂಬ ನಿಜವಾದ ಬ್ಯಾಕ್ಟೀರಿಯವೂ ಕೆಂಪಾಗಿರುವುದರಿಂದ ಬಣ್ಣವೊಂದರಿಂದಲೇ ನಿರ್ಧರಿಸಲಾಗದು. ಇವುಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿದರೆ ಕೋಶಗಳು ಒಡೆದು ಗ್ರಾಂ ಬಣ್ಣಲೇಪನ (ಬಣ್ಣ ಹಚ್ಚಿ ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ವಿಂಗಡಿಸುವ ಪರೀಕ್ಷೆ) ತಪ್ಪು ಉತ್ತರ ಕೊಡುತ್ತದೆ. ಉಪ್ಪುನೀರಿನಲ್ಲಿ ಕಲಸಿ, ಶೇ. 2 ಅಸಿಟಿಕ್ ಆಮ್ಲದಿಂದ ಸ್ಥಿರಗೊಳಿಸಿರಿ. ಬ್ಯಾಕ್ಟೀರಿಯಾದ ಪ್ರೈಮರ್‌ಗಳಿಂದ (ನಕಲು ಆರಂಭಿಸುವ ಡಿಎನ್‌ಎ ತುಣುಕುಗಳು) ಪಿಸಿಆರ್ (ಜೀನಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ವಿಫಲವಾದರೆ ಆರ್ಕಿಯಾದ ಪ್ರೈಮರ್‌ಗಳನ್ನು ಬಳಸಿರಿ.

ಕೊನೆಗೆ, ಇಂತಹ ಜೀವಿಗಳನ್ನು ಗುರುತಿಸಲು ಬಳಸುವ 16ಎಸ್ ಆರ್‌ಆರ್‌ಎನ್‌ಎ ಜೀನಿನ ಅನುಕ್ರಮವನ್ನು ಮಾದರಿ ತಳಿಗಳೊಂದಿಗೆ (ಪ್ರತಿ ಪ್ರಭೇದದ ಅಧಿಕೃತ ಉಲ್ಲೇಖ ತಳಿ) ಹೋಲಿಸಿರಿ. ಸಾಮ್ಯತೆ ಶೇ. 98.7ಕ್ಕಿಂತ ಕಡಿಮೆಯಿದ್ದರೆ ಹೊಸ ಪ್ರಭೇದವೆಂದು ಶಂಕಿಸಬಹುದು. ಹೆಚ್ಚಿದ್ದರೆ, ವಿಶೇಷವಾಗಿ ಹಾಲೋಮೊನಾಸ್‌ನಂತಹ ಬ್ಯಾಕ್ಟೀರಿಯಾ ಕುಲದಲ್ಲಿ, ಪೂರ್ಣ ಜೀನೋಮ್ ಹೋಲಿಕೆಯಿಲ್ಲದೆ ಪ್ರಭೇದದ ಹೆಸರು ಬರೆಯಬೇಡಿರಿ, ಕುಲದ ಹೆಸರಿಗೇ ನಿಲ್ಲಿಸಿರಿ.